ಒಳಬೂಟಿಗೆ ಅಕ್ಕಿಯ ಕಾವು

ಆ ಚಳಿಗಾಲದಲ್ಲಿ ನಮ್ಮ ಆಫೀಸಿನವರು ಕಾನ್ಫರೆನ್ಸನ್ನು ಬೆಟ್ಟದ ಮೇಲೆ ಇಟ್ಟುಕೊಂಡರು. ಸ್ವೀಡನ್ನಿನಲ್ಲಿ ಕಾನ್ಫರೆನ್ಸ್ ಎಂದರೆ ಬೆಳಿಗ್ಗೆ ಒಂದಷ್ಟು ಹೊತ್ತು ಯಾರೋ ಗೋಡೆಯ ಮೇಲೆ ಬಣ್ಣಬಣ್ಣದ ಬಾಣಗಳನ್ನು ತೋರಿಸುವುದು, ಆಮೇಲೆ ಎಲ್ಲರೂ ಕಾಲಿಗೆ ಹಲಗೆ ಕಟ್ಟಿಕೊಂಡು ಗುಡ್ಡದಿಂದ ಜಾರುವುದು. ಇದರಿಂದ ತಂಡದಲ್ಲಿ ಒಗ್ಗಟ್ಟು ಬೆಳೆಯುತ್ತದೆ ಎಂಬುದು ನಮ್ಮ ಮ್ಯಾನೇಜರಮ್ಮನ ನಂಬಿಕೆ. ಬಿದ್ದವನೊಬ್ಬನನ್ನು ಎಬ್ಬಿಸಿ ನಿಲ್ಲಿಸಲು ನಾಲ್ಕು ಜನ ಕೈಜೋಡಿಸಬೇಕು. ಆ ರೀತಿಯಲ್ಲಿ ನೋಡಿದರೆ ಒಗ್ಗಟ್ಟಿಗಾಗಿ ನನ್ನಷ್ಟು ದುಡಿದವರು ಬೇರೆ ಯಾರೂ ಇಲ್ಲ.

ನಾನು ಆಗ ಎಸ್ಕಿಲ್‌ಸ್ಟುನಾ ಎಂಬ ಊರಿನಲ್ಲಿದ್ದೆ. ಮಣ್ಣು ಅಗೆಯುವ, ಕಲ್ಲು ಎತ್ತುವ ದೊಡ್ಡ ಯಂತ್ರಗಳ ಕಂಪನಿ. ಅವುಗಳಲ್ಲಿ ಡ್ರೈವರ್ ಕೂರುವ ಸೀಟಿನ ವಿನ್ಯಾಸ ನನ್ನ ಕೆಲಸ. ಲೋಕದಲ್ಲಿರುವ ಸಕಲ ಆಕಾರದ ಕುಂಡಿಗಳಿಗೂ ಹೊಂದುವ ಸ್ಪಂಜು ಯಾವುದು, ಅದು ಯಾವಾಗ ಸತ್ತು ಚಪ್ಪಟೆಯಾಗುತ್ತದೆ ಎಂಬುದರಲ್ಲಿ ನಾನು ಪರಿಣತ. ಇಷ್ಟೆಲ್ಲ ತಿಳಿದವನಿಗೆ ಒಂದು ಜೊತೆ ಸ್ಕೀ ಬೂಟು ಬುದ್ಧಿ ಕಲಿಸಿದ್ದು ಹೇಗೆ ಎಂಬುದನ್ನೇ ಈಗ ಹೇಳಹೊರಟಿದ್ದೇನೆ.

ಕಾನ್ಫರೆನ್ಸಿಗೆ ಮುಂಚೆ ನನ್ನ ಎದುರು ಮೇಜಿನ ಸಹೋದ್ಯೋಗಿ ನನ್ನ ಪಾದದ ಸೈಜು ಕೇಳಿದ. ಅವನು ಹುಟ್ಟಾ ಸ್ವೀಡಿಷ್, ಬಾಗಿಲ ಚೌಕಟ್ಟಿಗೆ ತಲೆ ತಗಲುವಷ್ಟು ಎತ್ತರ. ನಡೆಯುವ ಮುಂಚೆಯೇ ಸ್ಕೀ ಕಲಿತೆ ಎಂದು ಹೇಳಿಕೊಳ್ಳುವ ಜಾತಿ.

“ನಲವತ್ತೊಂದು,” ಎಂದೆ.

“ಹಾಗಾದ್ರೆ ನೀನು ಏನೂ ತಗೋಬೇಡ. ನಮ್ಮ ಗ್ಯಾರೇಜಲ್ಲಿ ಒಂದು ಜೊತೆ ಇದೆ. ಫಸ್ಟ್ ಕ್ಲಾಸ್ ಬೂಟು.”

“ಅಲ್ಲೇ ಬಾಡಿಗೆಗೆ ಸಿಗಲ್ವಾ?”

ಅವನು ನನ್ನನ್ನು ಕರುಣೆಯಿಂದ ನೋಡಿದ. “ಬಾಡಿಗೆ ಬೂಟು ಟೂರಿಸ್ಟ್‌ಗಳಿಗೆ. ನೀನು ಇಲ್ಲಿಯವನಲ್ವಾ ಈಗ?”

ಇಷ್ಟು ವರ್ಷ ಇಲ್ಲಿ ಟ್ಯಾಕ್ಸ್ ಕಟ್ಟಿದರೂ, ಹೆರಿಂಗ್ ಮೀನಿನ ಉಪ್ಪಿನಕಾಯಿಯನ್ನು ಮುಖ ಕಿವುಚದೆ ನುಂಗಿದರೂ ಸಿಗದಿದ್ದ ಮಾನ್ಯತೆ ಒಂದು ಜೊತೆ ಹಳೇ ಬೂಟಿನಿಂದ ಸಿಗುತ್ತದೆ ಎಂದರೆ ಬೇಡ ಅನ್ನುವುದು ಹೇಗೆ? ಮರುದಿನವೇ ಬೂಟು ನನ್ನ ಮೇಜಿನ ಮೇಲಿತ್ತು. ಸ್ವೀಡಿಷರ ಉದಾರತೆಯ ವೈಖರಿಯೇ ಹೀಗೆ: ತಮಗೆ ಬೇಡವಾದದ್ದನ್ನು ಎಸೆಯಲು ಮನಸ್ಸಾಗುವುದಿಲ್ಲ, ಅದಕ್ಕೊಂದು ಒಳ್ಳೆಯ ಮನೆ ಹುಡುಕುತ್ತಾರೆ. ಆ ಬೂಟು ಅವನ ಮಗ ಹೈಸ್ಕೂಲಿನಲ್ಲಿದ್ದಾಗ ರೇಸಿನಲ್ಲಿ ಹಾಕುತ್ತಿದ್ದದ್ದು ಎಂಬ ಸಂಗತಿಯನ್ನು ಅವನು ಬೆಟ್ಟಕ್ಕೆ ಹೋಗುವ ಬಸ್ಸಿನಲ್ಲಿ, ವಾಪಸ್ ಕೊಡಲು ಅವಕಾಶವಿಲ್ಲದ ಜಾಗದಲ್ಲಿ, ಹೆಮ್ಮೆಯಿಂದ ತಿಳಿಸಿದ.

ಸ್ಕೀ ಬೂಟು ಕಾಣದವರಿಗೆ ಇಷ್ಟು ಹೇಳುತ್ತೇನೆ. ಹೊರಗೆ ಕಲ್ಲಿನಂತೆ ಗಟ್ಟಿಯಾದ ಪ್ಲಾಸ್ಟಿಕ್ ಚಿಪ್ಪು, ಅದಕ್ಕೆ ನಾಲ್ಕು ಬಕಲ್. ಚಿಪ್ಪಿನೊಳಗೆ ಮೆತ್ತನೆಯ ಇನ್ನೊಂದು ಬೂಟು; ಬೇಕೆಂದಾಗ ಎಳೆದು ಹೊರಗೆ ತೆಗೆಯಬಹುದು. ಇಲ್ಲಿಯವರು ಅದನ್ನು ‘ಇನ್ನರ್‌ಸ್ಕೂ’ ಅನ್ನುತ್ತಾರೆ, ನಾನು ಒಳಬೂಟು ಅನ್ನುತ್ತೇನೆ. ಪಾದಕ್ಕೂ ಚಿಪ್ಪಿಗೂ ನಡುವೆ ಸಂಧಾನ ಮಾಡಿಸುವುದು ಅದರ ಕೆಲಸ. ನನ್ನ ಪಾಲಿಗೆ ಬಂದ ಒಳಬೂಟು ಸಂಧಾನವನ್ನು ಯಾವತ್ತೋ ಕೈಬಿಟ್ಟಿತ್ತು. ಆ ರೇಸಿನ ಹುಡುಗನ ಕಾಲಿನ ಅಚ್ಚು ಅದರಲ್ಲಿ ಹಾಗೇ ಕೂತಿತ್ತು, ಉಳಿದ ಕಡೆ ಸ್ಪಂಜು ಹಪ್ಪಳವಾಗಿತ್ತು. ಪರಿಣಾಮವಾಗಿ ಬೂಟಿನೊಳಗೆ ಬೆಂಗಳೂರಿನ ಸಿಟಿ ಬಸ್ಸಿನ ಸ್ಥಿತಿ. ಮುಂದೆ ಐದು ಬೆರಳು ಒಂದರ ಮೇಲೊಂದು ಹತ್ತಿ ನಿಂತಿವೆ, ಹಿಂದೆ ಹಿಮ್ಮಡಿಯ ಕಡೆ ಆರಾಮಾಗಿ ಇಬ್ಬರು ಕೂರುವಷ್ಟು ಖಾಲಿ. ಹಿಂದೆ ಹೋಗ್ರೀ ಹಿಂದೆ ಹೋಗ್ರೀ ಎಂದು ಕೂಗಲು ಕಂಡಕ್ಟರ್ ಒಬ್ಬ ಇರಲಿಲ್ಲ, ಅಷ್ಟೇ.

ಅದನ್ನು ಹಾಕಿಕೊಳ್ಳುವುದೆಂದರೆ ಹೆರಿಗೆಯನ್ನು ಹಿಂದುಮುಂದಾಗಿ ನಡೆಸಿದಂತೆ. ಸಹೋದ್ಯೋಗಿ ಹಿಂದಿನಿಂದ ಒತ್ತಿದ, ಮ್ಯಾನೇಜರಮ್ಮ ಬಕಲ್ ಎಳೆದರು, ನಾನು ಉಸಿರು ಬಿಗಿಹಿಡಿದೆ.

“ಹೇಗಿದೆ?” ಎಂದರು ಮ್ಯಾನೇಜರಮ್ಮ.

“ತುಂಬಾ ಚೆನ್ನಾಗಿದೆ,” ಎಂದೆ. ಸಂಬಳ ಕೊಡುವವರು ಮಂಡಿಯೂರಿ ಬೂಟು ಬಿಗಿಯುತ್ತಿರುವಾಗ ಬೇರೆ ಏನು ಹೇಳಲಾಗುತ್ತದೆ?

ಮಧ್ಯಾಹ್ನದವರೆಗೆ ನಾನು ಮಕ್ಕಳ ಇಳಿಜಾರಿನಲ್ಲಿ ಬಿದ್ದೆ, ಎದ್ದೆ, ಮತ್ತೆ ಬಿದ್ದೆ. ಊಟಕ್ಕೆ ಬಂದು ಬೂಟು ಕಿತ್ತು ನೋಡಿದರೆ ಎಡಗಾಲಿನ ಹೆಬ್ಬೆರಳ ಉಗುರು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು, ಬಲಗಾಲಿನದು ಅದರ ಹಾದಿಯಲ್ಲಿತ್ತು. ಸಂಜೆ ಗುಂಪಿನ ಚರ್ಚೆಯಲ್ಲಿ ‘ಇವತ್ತು ನೀವು ನಿಮ್ಮ ಬಗ್ಗೆ ಏನು ಕಲಿತಿರಿ’ ಎಂದು ಕೇಳಿದರು. ಒಬ್ಬೊಬ್ಬರೂ ಧೈರ್ಯ, ನಂಬಿಕೆ ಎಂದೆಲ್ಲ ಹೇಳಿದರು. ನನಗೆ ನರಗಳಿವೆ ಎಂದು ಕಲಿತೆ ಎಂದು ನಾನು ಹೇಳಿದೆ. ಎಲ್ಲರೂ ನಕ್ಕರು. ಅದನ್ನು ಹಾಸ್ಯ ಎಂದುಕೊಂಡಿದ್ದರು.

ಊರಿಗೆ ಮರಳಿದ ಮೇಲೆ ಸೋಮವಾರ ಫಿಕಾ ಹೊತ್ತಿಗೆ, ಅಂದರೆ ಆಫೀಸಿನ ಬಿಡುವಿನಲ್ಲಿ, ಕಾಫಿ, ದಾಲ್ಚಿನ್ನಿ ಬನ್ನಿನ ಸುತ್ತ ಕೂತವರೆಲ್ಲ ನನ್ನ ಪಾದದ ವಿಚಾರಕ್ಕೆ ಕೈಹಾಕಿದರು. ಸ್ವೀಡಿಷರು ಬೇರೆಯವರ ವಿಷಯಕ್ಕೆ ಬರುವುದಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ನಿಜ. ನಾಲ್ಕೈದು ವರ್ಷ ಪಕ್ಕದಲ್ಲಿ ಕೂತಿದ್ದರೂ ನನಗೆ ಮಕ್ಕಳೆಷ್ಟು ಎಂದು ಕೇಳಿರದ ಹೆಂಗಸು ಅಂದು ನನ್ನ ಪಾದದ ಕಮಾನು ಎತ್ತರವೋ ತಗ್ಗೋ ಎಂದು ವಿಚಾರಿಸಿದಳು. ಒಬ್ಬ ಎರಡು ಕಾಲುಚೀಲ ಹಾಕು ಅಂದ, ಇನ್ನೊಬ್ಬ ಕಾಲುಚೀಲವೇ ಬೇಡ ಅಂದ. ಚಿಪ್ಪನ್ನು ಕಾಯಿಸಿ ಹಿಗ್ಗಿಸಬೇಕು ಎಂಬುದು ಒಂದು ಪಂಗಡ, ಹಿಮ್ಮಡಿಗೆ ಮೆತ್ತೆ ಅಂಟಿಸಬೇಕು ಎಂಬುದು ಮತ್ತೊಂದು. ದ್ವೈತ ಅದ್ವೈತಗಳ ನಡುವೆಯೂ ಇಷ್ಟು ನಿಷ್ಠೆಯ ವಾದ ನಡೆದಿರಲಾರದು. ಕೊನೆಗೆ ಸಹೋದ್ಯೋಗಿ, ಹಿಂತಿರುಗಿಸಲೆಂದು ನಾನು ತಂದಿದ್ದ ಬೂಟಿನಿಂದ ಒಳಬೂಟನ್ನು ಎಳೆದು ತೆಗೆದು, ಹೆಬ್ಬೆರಳಿನಿಂದ ಅಲ್ಲಲ್ಲಿ ಒತ್ತಿ ನೋಡಿ, ಸಾವಿನ ಸುದ್ದಿ ತಿಳಿಸುವ ಡಾಕ್ಟರಂತೆ ತಲೆಯಾಡಿಸಿದ.

“ಇದು ಮುಗಿದಿದೆ. ಚಿಪ್ಪು ಒಳ್ಳೇದೇ. ಹೊಸ ಇನ್ನರ್‌ಸ್ಕೂ ಹಾಕಿಸು.”

ಸ್ಪಂಜು ಸತ್ತಿದೆ ಎಂದು ಸ್ಪಂಜಿನ ಎಂಜಿನಿಯರನಿಗೆ ಬೇರೆಯವರು ಹೇಳಬೇಕಾಯಿತು. ಆ ದಿನ ಇಡೀ ನಾನು ಯಾರ ಮುಖವನ್ನೂ ನೋಡಲಿಲ್ಲ.

ಬೂಟು ಹೊಂದಿಸಿ ಕೊಡುವ ಅಂಗಡಿಯೊಂದು ಸ್ಟಾಕ್‌ಹೋಮ್‌ನಲ್ಲಿದೆ ಎಂದು ತಿಳಿದು ಶನಿವಾರ ರೈಲು ಹತ್ತಿದೆ. ಅಲ್ಲಿದ್ದ ತರುಣನಿಗೆ ಚೆನ್ನಾಗಿ ಎಣ್ಣೆ ಹಚ್ಚಿ ಬಾಚಿದ ಗಡ್ಡ, ಮಾತಿನಲ್ಲಿ ಶಸ್ತ್ರಚಿಕಿತ್ಸಕನ ಗಾಂಭೀರ್ಯ. ಅವನು ನನ್ನನ್ನು ಬರಿಗಾಲಿನಲ್ಲಿ ಗಾಜಿನ ಯಂತ್ರದ ಮೇಲೆ ನಿಲ್ಲಿಸಿದ. ಗೋಡೆಯ ಪರದೆಯ ಮೇಲೆ ನನ್ನ ಎರಡು ಪಾದಗಳು ಕೆಂಪು, ಹಳದಿ, ನೀಲಿ ಬಣ್ಣದಲ್ಲಿ ಮೂಡಿದವು. ಅವನು ಬಹಳ ಹೊತ್ತು ನೋಡಿದ.

“ಇಂಟ್ರೆಸಾಂಟ್,” ಎಂದ.

ನಿಘಂಟಿನಲ್ಲಿ ಇದಕ್ಕೆ ‘ಸ್ವಾರಸ್ಯಕರ’ ಎಂದಿದೆ; ನಿಜವಾದ ಅರ್ಥ ಗೊತ್ತಾಗಲು ಈ ದೇಶದಲ್ಲಿ ಕೆಲವು ವರ್ಷ ಬಾಳಬೇಕು. ಮೊದಲ ಸಲ ನಮ್ಮ ಮನೆಯ ಹಾಗಲಕಾಯಿ ಗೊಜ್ಜು ತಿಂದ ನೆರೆಯವರೂ ಇದೇ ಪದ ಬಳಸಿದ್ದರು.

“ನೀವು ಚಿಕ್ಕವರಿದ್ದಾಗ ಶೂ ಹಾಕ್ತಿರಲಿಲ್ವಾ?” ಎಂದು ಕೇಳಿದ.

“ಶಾಲೆಗೆ ಹಾಕ್ತಿದ್ದೆ. ಉಳಿದ ಹೊತ್ತು ಬರಿಗಾಲು.”

“ಹಾಂ, ಕಾಣುತ್ತೆ. ಬೆರಳೆಲ್ಲ ಹರಡಿಕೊಂಡಿವೆ. ಪಾದಗಳು ತುಂಬಾ…” ಎಂದು ಪದ ಹುಡುಕಿದ. “ಸ್ವತಂತ್ರವಾಗಿ ಬೆಳೆದಿವೆ.”

ದಾವಣಗೆರೆಯ ಬೀದಿಗಳಲ್ಲಿ ಸ್ವತಂತ್ರವಾಗಿ ಬೆಳೆದ ಪಾದಗಳಿಗೆ ಯುರೋಪಿನ ಬೂಟು ಹೊಂದಿಸಲು ಏನೇನು ಬೇಕು ಎಂದು ಅವನು ವಿವರಿಸಿದ. ಕಿರುಬೆರಳಿನ ಪಕ್ಕ ಚಿಪ್ಪನ್ನು ಬಿಸಿಮಾಡಿ, ಒಳಗಿನಿಂದ ಇಕ್ಕಳದಂಥ ಯಂತ್ರದಲ್ಲಿ ಒತ್ತಿ ಉಬ್ಬಿಸಿದ. ಹಳೇ ಒಳಬೂಟನ್ನು ಎರಡು ಬೆರಳಲ್ಲಿ ಎತ್ತಿ ಕಸದ ಡಬ್ಬಿಗೆ ಹಾಕಿದ. ಹೊಸದೊಂದು ಜೊತೆ ತಂದ. ಅದು ಕಾಸಿದರೆ ಮೆತ್ತಗಾಗುವ ಜಾತಿಯ ಸ್ಪಂಜು. ಬಿಸಿಯಿರುವಾಗಲೇ ಕಾಲಿಟ್ಟು ಬಕಲ್ ಹಾಕಿ ಅಲ್ಲಾಡದೆ ನಿಂತರೆ, ಆರುತ್ತಾ ಆರುತ್ತಾ ಆ ಕಾಲಿನದೇ ಅಚ್ಚು ಹಿಡಿಯುತ್ತದೆ.

“ಸರಿ, ಕಾಸಿ ಕೊಡಿ,” ಎಂದೆ.

“ಇವತ್ತಾ?” ಎಂದು ಅವನು ಗಾಬರಿಯಾದ. ಕಾಸುವ ಒಲೆಗೆ ಮೊದಲೇ ಟೈಮ್ ಬುಕ್ ಮಾಡಬೇಕಂತೆ. ಶಾಲೆಗಳಿಗೆ ಚಳಿಗಾಲದಲ್ಲಿ ಕೊಡುವ ಒಂದು ವಾರದ ರಜೆ, ಸ್ಪೋರ್ಟ್‌ಲೋವ್, ಹತ್ತಿರ ಬಂದಿತ್ತು. ಆ ವಾರ ದೇಶಕ್ಕೆ ದೇಶವೇ ಬೆಟ್ಟಕ್ಕೆ ಹೋಗುತ್ತದೆ. ಒಲೆ ರಜೆ ಮುಗಿಯುವ ತನಕ ಭರ್ತಿ. ನಾವೂ ಆ ರಜೆಗೆ ಹೋಗುವವರಿದ್ದೆವು. ಹೈಸ್ಕೂಲಿನಲ್ಲಿದ್ದ ಮಗಳ ಕ್ಲಾಸಿನಲ್ಲಿ ಬೆಟ್ಟಕ್ಕೆ ಹೋಗದವಳು ಅವಳೊಬ್ಬಳೇ ಎಂದು ಅವಳು ಅತ್ತು ಕರೆದು ನಮ್ಮನ್ನು ಒಪ್ಪಿಸಿದ್ದಳು.

“ಕಾಸದೇ ಹಾಕಿಕೊಂಡರೆ?”

“ಹಾಕ್ಕೋಬಹುದು. ಸ್ವಲ್ಪ ಬಿಗಿ. ಸ್ಕೀ ಬೂಟು ಅಂದ್ರೆ ಗಟ್ಟಿ ಶೇಕ್‌ಹ್ಯಾಂಡ್ ಥರ ಇರಬೇಕು.”

ಉಗುರು ಕಪ್ಪಾಗುವ ತನಕ ಶೇಕ್‌ಹ್ಯಾಂಡ್ ಮಾಡುವವರನ್ನು ನಾನಂತೂ ಕಂಡಿಲ್ಲ. ಒಳಬೂಟನ್ನು ಚೀಲದಲ್ಲಿ ಹಾಕಿಕೊಂಡು ಬಂದೆ.

ಸೋಮವಾರ ಆಫೀಸಿನಲ್ಲಿ ನನ್ನ ಸಂಕಟ ಕೇಳಿ ಸಹೋದ್ಯೋಗಿ ಸುತ್ತಮುತ್ತ ನೋಡಿ ದನಿ ತಗ್ಗಿಸಿದ. “ಮನೇಲೇ ಮಾಡಬಹುದು. ವಿಡಿಯೊ ಇದೆ.” ಸ್ವಲ್ಪ ತಡೆದು, ಬಹಳ ನಾಜೂಕಾಗಿ ಕೇಳಿದ: “ನಿಮ್ಮ ಮನೆಯಲ್ಲಿ… ಅಕ್ಕಿ ಇರುತ್ತಲ್ವಾ?”

ಯಾರ ಸಂಸ್ಕೃತಿಗೂ ನೋವಾಗಬಾರದು ಎಂಬ ಎಚ್ಚರ ಅವನದು. ಇರುತ್ತದೆ, ಇಪ್ಪತ್ತು ಕಿಲೋದ ಮೂಟೆ ಇರುತ್ತದೆ ಎಂದು ನಾನೂ ಅಷ್ಟೇ ನಾಜೂಕಾಗಿ ಒಪ್ಪಿಕೊಂಡೆ. ವಿಧಾನ ಸರಳವಾಗಿತ್ತು. ಕಾಲುಚೀಲಕ್ಕೆ ಅಕ್ಕಿ ತುಂಬಿ ಗಂಟು ಹಾಕಿ ಮೈಕ್ರೋವೇವ್‌ನಲ್ಲಿ ಕಾಸುವುದು. ಬಿಸಿ ಅಕ್ಕಿಯ ಗಂಟನ್ನು ಒಳಬೂಟಿನೊಳಗೆ ತುರುಕಿಟ್ಟರೆ ಸ್ಪಂಜು ಮೆತ್ತಗಾಗುತ್ತದೆ. ಆಮೇಲೆ ಗಂಟು ಎಳೆದು ಕಾಲಿಡುವುದು.

ಆ ವಾರದ ಭಾನುವಾರ ಬೆಳಿಗ್ಗೆ ಅಡುಗೆಮನೆಯಲ್ಲಿ ಬೂಟು, ಕಾಲುಚೀಲ, ಅಕ್ಕಿ ಡಬ್ಬಿ ಜೋಡಿಸಿಕೊಂಡು ನಿಂತೆ. ಹೆಂಡತಿ ಕಾಫಿ ಲೋಟ ಹಿಡಿದು ಬಂದಳು. ಅವಳು ಗದಗಿನವಳು, ಊರಿನ ದಾಗಿಸ್‌ನಲ್ಲಿ, ಎಂದರೆ ಪುಟ್ಟ ಮಕ್ಕಳ ಶಾಲೆಯಲ್ಲಿ, ಕೆಲಸ ಮಾಡುತ್ತಿದ್ದಳು. ಇಲ್ಲಿಯ ಕನ್ನಡದವರ ನಡುವೆ ಬೆಂಗಳೂರಿನ ಭಾಷೆಯಲ್ಲೇ ಮಾತಾಡುತ್ತಾಳೆ. ಸಿಟ್ಟು ಬಂದರೆ ಮಾತ್ರ ಗದಗು ಹೊರಗೆ ಬರುತ್ತದೆ.

“ಏನ್ ಮಾಡ್ತಿದೀರಾ?”

“ಬೂಟಿಗೆ ಅಕ್ಕಿ ತುಂಬ್ತಿದೀನಿ.”

ಅವಳು ಲೋಟ ಕೆಳಗಿಟ್ಟು ಡಬ್ಬಿಯೊಳಗೆ ಇಣುಕಿದಳು. ಗದಗು ಬಂತು.

“ಸೋನಾ ಮಸೂರಿ! ಅಲ್ರೀ, ಅನ್ನಕ್ಕ ಕಾಲ್ ತಾಗಿದ್ರ ಮುಟ್ಟಿ ಕಣ್ಣಿಗೆ ಒತ್ಕೊಳೋ ಮಂದಿ ನಾವು. ನೀವು ಕಾಲ್ಚೀಲದಾಗ ತುಂಬಾಕತ್ತೀರಲ್ಲ, ತಲಿ ಸರಿ ಐತೇನ್ರಿ?”

“ಅಕ್ಕಿ ಅನ್ನ ಅಲ್ಲ ಕಣೇ ಇನ್ನೂ. ಬೇಯಿಸಿದ ಮೇಲೆ ತಾನೇ ಅನ್ನ?”

“ಮೈಕ್ರೋವೇವ್‌ನಾಗ ಇಡಾಕತ್ತೀರಿ. ಮತ್ತೇನ್ ಉಳೀತು?”

ಮಾತಿಗೆ ಮಾತು ಬೆಳೆದು ಒಪ್ಪಂದವಾಯಿತು. ಕ್ರಿಸ್‌ಮಸ್ಸಿಗೆ ಇಲ್ಲಿಯವರು ಹಾಲು ಹಾಕಿ ಗಂಜಿ ಮಾಡುವ ಗುಂಡು ಅಕ್ಕಿಯ ಪೊಟ್ಟಣ ಬೀರುವಿನಲ್ಲಿ ಉಳಿದಿತ್ತು. ಅದನ್ನು ಬಳಸಬಹುದು, ಅದಕ್ಕೆ ಕಾಲು ತಾಗಿದರೆ ಪಾಪ ತಟ್ಟುವುದು ಸ್ವೀಡಿಷರಿಗೆ. ಕಾಲುಚೀಲ ಹೊಸದಾಗಿರಬೇಕು, ಕಾಸಿದ ಮೇಲೆ ಅಕ್ಕಿ ಹಕ್ಕಿಗಳಿಗೆ ಹೋಗಬೇಕು. ಎಲ್ಲ ಷರತ್ತಿಗೂ ತಲೆಯಾಡಿಸಿದೆ. ಅಷ್ಟರಲ್ಲಿ ಮಗಳು ನಿದ್ದೆಗಣ್ಣಲ್ಲಿ ಬಂದು, ನೋಡಿ, ಫೋನಿನಲ್ಲಿ ವಿಡಿಯೊ ಮಾಡತೊಡಗಿದಳು. “ಪಪ್ಪಾ, ದೆ ಹಾರ್ ಎ ಶೂಕ್ತ್,” ಎಂದಳು. ಇದು ಹುಚ್ಚು ಎಂದರ್ಥ. ನಾವು ಕನ್ನಡದಲ್ಲಿ ಕೇಳುವುದು, ಅವಳು ಸ್ವೀಡಿಷ್‌ನಲ್ಲಿ ಹೇಳುವುದು ನಮ್ಮ ಮನೆಯ ವ್ಯವಸ್ಥೆ.

ಮುಂಗಾಲಿನ ಕೆಳಗೆ ದಪ್ಪ ಪುಸ್ತಕವಿಟ್ಟು ಬೆರಳು ಎತ್ತಿ ನಿಲ್ಲಿ ಎಂದಿತ್ತು ಸಹೋದ್ಯೋಗಿ ಹೇಳಿದ್ದ ವಿಡಿಯೊ. ಅನ್ನಪೂರ್ಣೆ ಆಯಿತು, ಇನ್ನು ಸರಸ್ವತಿಯ ಸರದಿ. ಹೆಂಡತಿಯ ಮುಖ ನೋಡಿ ನಾನು ಪುಸ್ತಕ ಬಿಟ್ಟು ಬಾಗಿಲಿಗೆ ಒತ್ತು ಕೊಡುವ ಮರದ ತುಂಡು ತಂದೆ.

ಎಡಗಾಲಿನ ಒಳಬೂಟು ಮೆತ್ತಗಾಯಿತು. ಗಂಟನ್ನು ಎಳೆದೆ, ಬಿಸಿ ಸ್ಪಂಜಿನ ವಾಸನೆ ಮನೆಯೆಲ್ಲ ಹರಡಿತು. ಬೆರಳಿಗೆ ಜಾಗ ಉಳಿಯಲೆಂದು ಅಂಗಡಿಯವನು ಕೊಟ್ಟಿದ್ದ ಸ್ಪಂಜಿನ ಟೋಪಿಯನ್ನು ಬೆರಳಿಗೆ ಹಾಕಿ, ಕಾಲು ತೂರಿಸಿದೆ. ಕಪ್ಪಾದ ಉಗುರು ಬೂಟಿನ ನಾಲಗೆಗೆ ತಗಲಿದ್ದೇ ತಡ, ಕಣ್ಣಿಗೆ ಕತ್ತಲೆ ಬಂದು ಕಾಲು ಹೊರಗೆಳೆದುಕೊಂಡೆ. ಮತ್ತೆ ತೂರಿಸಿದೆ, ಮತ್ತೆ ಎಳೆದೆ. ಬಿಸಿ ಇಳಿಯುವುದರೊಳಗೆ ಕಾಲು ಒಳಗಿರಬೇಕು, ತಡಮಾಡಬೇಡಿ ಎಂದು ವಿಡಿಯೊದವನು ಹಲ್ಲು ಕಿಸಿದು ಹೇಳುತ್ತಲೇ ಇದ್ದ.

ಹೆಂಡತಿ ನೋಡಿದಳು, ನೋಡಿದಳು. ಯಾವುದೇ ಬಿಸಿ ಪದಾರ್ಥ ಕಣ್ಣೆದುರು ಆರಿ ಹೋಗುವುದನ್ನು ಅವಳು ಜನ್ಮದಲ್ಲಿ ಸಹಿಸಿದವಳಲ್ಲ. ರೊಟ್ಟಿಯಾಗಲಿ, ಬೂಟಾಗಲಿ.

“ಆರಿ ಹೊಕ್ಕತಿ! ಸರೀರಿ ಆ ಕಡೆ!”

ನನ್ನ ಬೆರಳಿನ ಟೋಪಿ ಕಸಿದು ತನ್ನ ಬೆರಳಿಗೆ ಹಾಕಿಕೊಂಡು, ಕಟ್ಟೆ ಹಿಡಿದು, ಒಂದೇ ಏಟಿಗೆ ಕಾಲು ಇಳಿಸಿದಳು. “ಬಕಲ್ ಹಾಕ್ರಿ.” ಹಾಕಿದೆ. ಮರದ ತುಂಡಿನ ಮೇಲೆ ಮುಂಗಾಲಿಟ್ಟು ಒಂಟಿ ಬೂಟಿನಲ್ಲಿ ನಿಂತಳು. ನೈಟಿ, ಮೇಲೊಂದು ಸ್ವೆಟರು, ಒಂದು ಕಾಲಿಗೆ ರೇಸಿನ ಬೂಟು. ಮಗಳ ವಿಡಿಯೊ ನಡೆದೇ ಇತ್ತು.

“ಅದು ನನ್ನ ಬೂಟು,” ಎಂದು ನಾನು ನೆನಪು ಮಾಡಿದೆ.

“ನಿಮ್ಮ ಕಾಲು ಹೋಗ್ಲಿಲ್ಲಲ್ಲ.”

ಆರುವ ತನಕ ಹಾಗೇ ನಿಂತಿರಬೇಕು, ನಿಂತಳು. ಅಷ್ಟು ಹೊತ್ತು ಅವಳು ಸುಮ್ಮನಿದ್ದದ್ದನ್ನು ನಾನು ಕಂಡಿರಲಿಲ್ಲ. ನೋಯುತ್ತಿದೆಯಾ ಎಂದು ಕೇಳಿದೆ. ಇಲ್ಲ ಎಂದು ತಲೆಯಾಡಿಸಿ, ಕೆಳಗೆ ಬೂಟನ್ನು ನೋಡುತ್ತ ಹೇಳಿದಳು: “ಕೂತೈತಿ. ಎಲ್ಲೂ ಒತ್ತವಲ್ದು. ಸುತ್ತ ಹಿಡ್ಕೊಂಡೈತಿ.”

ಅವಳ ಪಾದ ದೊಡ್ಡದು. ಇದು ಅವರ ಮನೆಯಲ್ಲಿ ಹಾಸ್ಯದ ವಿಷಯ, ಮದುವೆಯಾದ ಮೇಲೆ ನಮ್ಮ ಮನೆಯಲ್ಲೂ. ನಾವು ಹೆಣ್ಣು ನೋಡಲು ಹೋದಾಗ ಕಾಲು ಸೀರೆಯೊಳಗೆ ಎಳೆದುಕೊಂಡು ಕೂತುಕೋ ಎಂದು ಅವಳ ಅವ್ವ ಹೇಳಿಕೊಟ್ಟಿದ್ದರಂತೆ. ಹುಬ್ಬಳ್ಳಿಯ ಚಪ್ಪಲಿ ಅಂಗಡಿಗಳಲ್ಲಿ “ಮೇಡಂ, ಗಂಡಸ್ರ ಕಡೆ ನೋಡ್ರಿ” ಎಂದು ಕೂಗಿ ಹೇಳುತ್ತಿದ್ದರಂತೆ. ಕಾಲೇಜಿಗೆ ಅಣ್ಣನ ಸ್ಯಾಂಡಲ್ ಹಾಕಿಕೊಂಡು ಹೋಗಿದ್ದಳು. ಈ ಕತೆಗಳನ್ನೆಲ್ಲ ಅವಳೇ ನಗುತ್ತಾ ಹೇಳುತ್ತಿದ್ದಳು, ನಾವು ನಗುತ್ತಿದ್ದೆವು. ದೊಡ್ಡ ಪಾದದ ಹೆಂಗಸರೇ ತುಂಬಿರುವ ಈ ದೇಶಕ್ಕೆ ಬಂದ ಮೇಲೂ ಅವಳು ಒಂದು ಸೈಜು ಚಿಕ್ಕದನ್ನೇ ಕೊಳ್ಳುತ್ತಿದ್ದಳು, ಸಂಜೆ ಬಂದು ಬಿಸಿನೀರಲ್ಲಿ ಕಾಲಿಡುತ್ತಿದ್ದಳು. ಅಭ್ಯಾಸ ಅಂದುಕೊಂಡಿದ್ದೆ. ಸೀಟಿನ ಮೇಲೆ ಅಪರಿಚಿತರ ಭಾರ ಎಲ್ಲಿ ಬೀಳುತ್ತದೆ ಎಂದು ಅಳೆದು ಕೂರುವವನಿಗೆ ಮನೆಯೊಳಗಿನ ಪಾದ ಕಂಡಿರಲಿಲ್ಲ, ಅಷ್ಟೇ.

ಬಕಲ್ ಬಿಚ್ಚಿದೆವು. ಒಳಬೂಟಿನಲ್ಲಿ ಅವಳ ಕಾಲಿನ ಅಚ್ಚು ಚೊಕ್ಕವಾಗಿ ಕೂತಿತ್ತು.

“ಪರವಾಗಿಲ್ಲ,” ಎಂದೆ. “ಮತ್ತೆ ಕಾಸಿದರೆ ಹೊಸದಾಗಿ ಅಚ್ಚು ಹಿಡಿಯುತ್ತಂತೆ.”

“ಯಾಕ ಕಾಸ್ತೀರಿ ಇದನ್ನ? ಇನ್ನೊಂದು ಕಾಸ್ರಿ. ಬಲಗಾಲಿಂದು.”

ನಾನು ಮಗಳ ಕಡೆ ನೋಡಿದೆ. ಅವಳು ಭುಜ ಕುಣಿಸಿದಳು. ಈ ದೇಶದಲ್ಲಿ ಹೆಂಗಸರಿಗೆ ಸಮಾನ ಹಕ್ಕು ಇರುವುದು ನನಗೆ ಗೊತ್ತಿತ್ತು, ನನ್ನ ಬೂಟಿನ ತನಕ ಬರುತ್ತದೆ ಎಂದು ಗೊತ್ತಿರಲಿಲ್ಲ. ಬಲಗಾಲಿನ ಅಕ್ಕಿಯನ್ನು ಕಾಸಲು ಇಟ್ಟೆ.

ಮುಂದಿನ ಶನಿವಾರ ಊರಂಚಿನ ಗುಡ್ಡಕ್ಕೆ ಹೋದೆವು. ಯಂತ್ರದಿಂದ ಹಿಮ ಉಗುಳಿಸಿ ಬೆಳ್ಳಗೆ ಮಾಡಿದ ಸಣ್ಣ ಗುಡ್ಡ. ಹಲಗೆಗಳನ್ನು ಬಾಡಿಗೆಗೆ ಪಡೆದು ಹೆಂಡತಿಯ ಬೂಟಿಗೆ ಹೊಂದಿಸಿದರು. ನನಗೆ ಮಹತ್ವದ ಹೊಣೆ ಸಿಕ್ಕಿತು: ಫ್ಲಾಸ್ಕು, ಮಫ್ಲರು, ಎಲ್ಲರ ಚೀಲ ಹಿಡಿದು ಕೆಳಗೆ ನಿಲ್ಲುವುದು. ಮಗಳು ಕಲಿಸುವವಳು. ಶಾಲೆಯಿಂದ ಈ ಗುಡ್ಡಕ್ಕೇ ಬಂದು ಅವಳು ಒಂದಿಷ್ಟು ಕಲಿತಿದ್ದಳು.

“ಮಮ್ಮಾ, ಬೊಯ್ ಪೋ ಕ್ನೆನಾ!” ಎಂದು ಕೂಗುತ್ತಿದ್ದಳು. ಮಂಡಿ ಬಗ್ಗಿಸು ಎಂದು.

“ಬಗ್ಗಿಸೇನವಾ, ಇನ್ನ ಎಷ್ಟ ಬಗ್ಗಿಸ್ಲಿ? ಕುಂತೇ ಬಿಡ್ಲೇನು?” ಎನ್ನುತ್ತಾ ಹೆಂಡತಿ ಕುಂತೇ ಬಿಡುತ್ತಿದ್ದಳು. ಹಿಮದ ಮೇಲೆ ಕೂತು ಬಿದ್ದು ಬಿದ್ದು ನಗುತ್ತಿದ್ದಳು. ಆದರೆ ಕೆಲವು ಸಲ ಬಿದ್ದ ಮೇಲೆ ಬೀಳುವುದು ಕಡಿಮೆಯಾಯಿತು. ಅವಳು ಹಿಮ್ಮಡಿ ತಿರುಗಿಸಿದರೆ ಹಲಗೆ ತಿರುಗುತ್ತಿತ್ತು. ನಾನು ಹಿಮ್ಮಡಿ ತಿರುಗಿಸಿದಾಗ ಬೂಟಿನೊಳಗೆ ಹಿಮ್ಮಡಿ ಮಾತ್ರ ತಿರುಗುತ್ತಿತ್ತು. ಕಾಲು ಸರಿಯಾಗಿ ಕೂತರೆ ಏನಾಗುತ್ತದೆ ಎಂದು ಆಗ ತಿಳಿಯಿತು.

ನನ್ನ ಸಹೋದ್ಯೋಗಿಯೂ ಸಂಸಾರ ಸಮೇತ ಬಂದಿದ್ದ. ನನ್ನ ಪಕ್ಕ ನಿಂತು ಇಳಿದು ಬರುತ್ತಿದ್ದ ನನ್ನ ಹೆಂಡತಿಯ ಕಾಲನ್ನೇ ನೋಡಿ ಹುಬ್ಬು ಗಂಟಿಕ್ಕಿದ.

“ಆ ಬೂಟು…”

“ಹೌದು, ನಿನ್ನ ಮಗನದೇ. ಒಳಗಡೆ ಮಾತ್ರ ನನ್ನ ಹೆಂಡತಿ.”

“ನೀನು ಮತ್ತೆ ಕಾಸಬಹುದಿತ್ತು, ಗೊತ್ತಲ್ವಾ?” ಎಂದ. ಗೊತ್ತು ಎಂದೆ. ಅವನು ನನ್ನ ಹೆಗಲು ತಟ್ಟಿದ. ಈ ವಿಷಯದಲ್ಲಿ ಎರಡು ದೇಶದ ಗಂಡಸರಿಗೂ ತರ್ಜುಮೆ ಬೇಕಾಗಲಿಲ್ಲ.

ಅಷ್ಟರಲ್ಲಿ ಹೆಂಡತಿ ನಿಲ್ಲಿಸುವ ವಿದ್ಯೆ ಪೂರ್ತಿ ಕಲಿಯದೆ ವೇಗದ ವಿದ್ಯೆ ಕಲಿತುಬಿಟ್ಟಿದ್ದಳು. ಗುಡ್ಡದ ನಡುವಿನಿಂದ ನೇರ ಬೇಲಿಯ ಕಡೆ ಬರತೊಡಗಿದಳು. ಹಿಂದಿನಿಂದ ಮಗಳು ಕಿರುಚಿದಳು. “ಅಮ್ಮಾ! ನಿಧಾನ! ನಿಧಾನ ಬಾ ಅಮ್ಮಾ! ಬೀಳು, ಬೀಳು!”

ಕೊಮ್ಯೂನಿನವರು, ಅಂದರೆ ಇಲ್ಲಿಯ ನಗರಸಭೆಯವರು, ದುಡ್ಡು ಸುರಿದು ವರ್ಷಗಟ್ಟಲೆ ಮಾತೃಭಾಷೆಯ ಪಾಠ ಮಾಡಿಸಿದಾಗ ಬಾರದ ಕನ್ನಡ ಒಂದು ಇಳಿಜಾರಿನಲ್ಲಿ ಬಂತು. ಮಗಳು ಹೇಳಿದ ಹಾಗೆ ಹೆಂಡತಿ ಬಿದ್ದಳು, ಬೇಲಿಯಿಂದ ಒಂದು ಮಾರು ದೂರದಲ್ಲಿ. ಮಗಳು ಬಂದು ಬಗ್ಗಿ ಅವಳ ಕೈಕಾಲು ಮುಟ್ಟಿ ನೋಡಿದಳು. ನಾನು ಫ್ಲಾಸ್ಕು ಎಸೆದು ಓಡಿದೆ. ಏಟಾಗಿರಲಿಲ್ಲ. ಕೆಂಪಾದ ಮುಖದಿಂದ ಹಿಮ ಒರೆಸಿಕೊಳ್ಳುತ್ತಾ ಅವಳು ದಾಗಿಸ್ ಮಕ್ಕಳು ಉಯ್ಯಾಲೆಯ ಮೇಲೆ ಕೂತು ಕೇಳುವ ಪದವನ್ನೇ ಹೇಳಿದಳು. “ಈಯೆನ್!” ಇನ್ನೊಮ್ಮೆ! ಅವಳ ಸ್ವೀಡಿಷ್ ಎಲ್ಲ ಮೂರು ವರ್ಷದವರಿಂದ ಕಲಿತದ್ದು, ಹಾಗಾಗಿ ಅದರಲ್ಲಿ ಅನುಮಾನಕ್ಕೆ ಪದಗಳಿಲ್ಲ.

ಸ್ಪೋರ್ಟ್‌ಲೋವ್ ವಾರ ಬೆಟ್ಟಕ್ಕೆ ಹೋದೆವು. ಕಾರಿನ ಹಿಂದೆ ಅವಳ ಬೂಟು ಟವೆಲಿನಲ್ಲಿ ಸುತ್ತಿಕೊಂಡು ಕೂತಿತ್ತು, ಅದರ ಪಕ್ಕ ಅಕ್ಕಿ, ಕುಕ್ಕರು, ಚಟ್ನಿಪುಡಿ. ನಾನು ಯಾವ ಸಂಕೋಚವೂ ಇಲ್ಲದೆ ಟೂರಿಸ್ಟರ ಸಾಲಿನಲ್ಲಿ ನಿಂತು ಬಾಡಿಗೆ ಬೂಟು ಕೇಳಿದೆ. ಅಗಲವಾದ, ನೂರಾರು ಕಾಲುಗಳು ಹದಮಾಡಿದ, ಯಾರ ಮೇಲೂ ಹಗೆಯಿಲ್ಲದ ಬೂಟು. ಬೆರಳಾಡಿಸಲು ಜಾಗವಿತ್ತು. ಇದು ಇಷ್ಟು ಸುಲಭವಾಗಿ ಸಿಗುತ್ತಿತ್ತು ಎಂಬುದನ್ನು ಒಂದು ಆಫೀಸಿಗೆ ಆಫೀಸೇ ಸೇರಿ ನನ್ನಿಂದ ಮುಚ್ಚಿಟ್ಟದ್ದೇಕೆ ಎಂದು ಇಂದಿಗೂ ಅರ್ಥವಾಗಿಲ್ಲ.

ಮೊದಲ ಎರಡು ದಿನ ಮೂವರೂ ಮಕ್ಕಳ ಇಳಿಜಾರಿನಲ್ಲಿದ್ದೆವು. ಮೂರನೇ ದಿನ ಹೆಂಡತಿ ಕುರ್ಚಿ ಲಿಫ್ಟಿನ ಕಡೆ ಬೆರಳು ತೋರಿಸಿ, “ಅಲ್ಲಿ ಮೇಲೆ ಏನಿದೆ?” ಎಂದಳು. ಬೆಂಗಳೂರಿನ ಭಾಷೆಯಲ್ಲಿ, ಅಂದರೆ ತಣ್ಣಗೆ, ತೀರ್ಮಾನ ಮಾಡಿಯಾದ ಮೇಲೆ.

“ಇನ್ನೂ ಎತ್ತರದ ಗುಡ್ಡ,” ಎಂದೆ.

“ಹೋಗೋಣ.”

ಮೇಲೆ ಗಾಳಿ ಬೀಸುತ್ತಿತ್ತು. ಕುಬ್ಜ ಮರಗಳೆಲ್ಲ ಹಿಮದ ಹೊದಿಕೆ ಹೊದ್ದು ಬಾಗಿದ್ದವು. ಯಾರಾದರೂ ಭಾವುಕರಾಗಬಹುದಾದ ಜಾಗ. ನನಗೆ ಇಳಿಯುವುದು ಹೇಗೆ ಎಂಬ ಚಿಂತೆ. ಮಗಳು ಮುಂದೆ, ನಾನು ಹಿಂದೆ, ನಡುವೆ ಹೆಂಡತಿ ಎಂದು ಒಪ್ಪಂದವಾಯಿತು. ಎರಡು ತಿರುವು ಆಗುವುದರೊಳಗೆ ಒಪ್ಪಂದ ಮುರಿದು ಬಿತ್ತು. ಹೆಂಡತಿ ಮಗಳನ್ನು ದಾಟಿ ಮುಂದೆ ಹೋದಳು. ಅವಳು ಚೆನ್ನಾಗಿ ಜಾರುತ್ತಿದ್ದಳು ಎಂದು ಹೇಳಲಾರೆ. ಹಾರೆ ನುಂಗಿದವಳಂತೆ ನೆಟ್ಟಗೆ ನಿಂತು, ಕೈ ಅಗಲಿಸಿ, ದಾರಿಯಲ್ಲಿದ್ದ ಪ್ರತಿಯೊಬ್ಬರಿಗೂ ಕನ್ನಡದಲ್ಲಿ ‘ಸರೀರಿ, ಸರೀರಿ’ ಎನ್ನುತ್ತಾ ಹೋಗುತ್ತಿದ್ದಳು. ಜನ ಸರಿಯುತ್ತಿದ್ದರು. ಎಲ್ಲೂ ಬೀಳಲಿಲ್ಲ.

ನಾನು ಹಿಂದಿನಿಂದ ನೇಗಿಲು ಹೂಡಿದಂತೆ ಹಲಗೆಗಳನ್ನು ಅಡ್ಡ ಹಿಡಿದು, ಒಂದೊಂದೇ ಗಜ ಗೆಲ್ಲುತ್ತಾ ಇಳಿದೆ. ಮಗಳು ನನಗೋಸ್ಕರ ಅಲ್ಲಲ್ಲಿ ನಿಂತು ಕಾಯುತ್ತಿದ್ದಳು, ಹಾಗೆ ಕಾಯುತ್ತಿರುವುದು ಯಾರಿಗೂ ಕಾಣದಂತೆ ಬೇರೆ ಕಡೆ ನೋಡುತ್ತಿದ್ದಳು. ಕೆಳಗೆ ತಲುಪುವಾಗ ನನ್ನ ಬೆನ್ನೆಲ್ಲ ಬೆವರು. ಹೆಂಡತಿ ಅಲ್ಲಿರಲಿಲ್ಲ. ಕಾಫಿ ಅಂಗಡಿಯ ಬಾಗಿಲಲ್ಲಿ ನೋಡಿದೆವು, ಶೌಚಾಲಯದ ಹತ್ತಿರ ನೋಡಿದೆವು.

“ವಾರ್ ಎ ಮಮ್ಮಾ?” ಎಂದಳು ಮಗಳು. ಅಮ್ಮ ಎಲ್ಲಿ?

ಆಮೇಲೆ ಅವಳೇ ಮೇಲೆ ತೋರಿಸಿದಳು. ಲಿಫ್ಟಿನ ಕುರ್ಚಿಯೊಂದು ನಮ್ಮ ತಲೆಯ ಮೇಲಿಂದ ಬೆಟ್ಟದ ಕಡೆ ಏರುತ್ತಿತ್ತು. ಅದರಲ್ಲಿ ನನ್ನ ಹೆಂಡತಿ, ಪಕ್ಕದಲ್ಲಿ ಯಾರೋ ಸ್ವೀಡಿಷ್ ಮುದುಕಿ. ಇಬ್ಬರೂ ಕೈ ಆಡಿಸುತ್ತಾ ಜೋರಾಗಿ ಏನೋ ಮಾತಾಡುತ್ತಿದ್ದರು; ಯಾವ ಭಾಷೆಯಲ್ಲಿ ಎಂಬುದು ಕೆಳಗಿದ್ದ ನಮಗೆ ಕೇಳಿಸಲಿಲ್ಲ. ಮಗಳು ಕೂಗಿದಳು. ಹೆಂಡತಿ ತಿರುಗಿ ನೋಡಲಿಲ್ಲ.

ನನಗೆ ಹಸಿವಾಗಿತ್ತು. ಇನ್ನೊಂದು ಸಲ ಹತ್ತೋಣವಾ ಎಂದು ಮಗಳನ್ನು ಕೇಳಿದೆ. ಅವಳು ನನ್ನ ಕಾಲನ್ನು, ಆಮೇಲೆ ನನ್ನ ಮುಖವನ್ನು ನೋಡಿದಳು. “ಬೇಡ ಪಪ್ಪಾ, ಊಟ ಮಾಡೋಣ,” ಎಂದಳು, ಕನ್ನಡದಲ್ಲೇ. ನಾವಿಬ್ಬರೂ ಹಲಗೆ ಬಿಚ್ಚಿ ಹೆಗಲಿಗೆ ಹಾಕಿಕೊಂಡು ಕ್ಯಾಂಟೀನಿನ ಕಡೆ ನಡೆದೆವು.